ಅಪಘಾತದ ಪರಿಹಾರ: ಅವಸರದಲ್ಲಿ ಸಹಿ ಹಾಕಬೇಡಿ

ಸಕಲೇಶಪುರದ ಹತ್ತಿರ ಲಾರಿ ಗುದ್ದಿ ನಮ್ಮ ಭಾವನ ಕಾಲು ಮುರಿಯಿತು. ಎಷ್ಟು ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಇಂತಿಷ್ಟೇ ಅಂತ ದರ ಇಲ್ಲ. ಆಸ್ಪತ್ರೆ ಖರ್ಚು, ಹೋದ ಸಂಬಳ, ನೋವಿಗೆ ಒಂದಿಷ್ಟು ಸೇರುತ್ತದೆ. ಕಾಯಂ ಊನ ಉಳಿದರೆ ಗಳಿಕೆಯ ನಷ್ಟವೇ ಜಾಸ್ತಿ. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ; 38 ವರ್ಷದವರಿಗೆ ಗುಣಕ 15. ತಿಂಗಳಿಗೆ 15,000 ರೂಪಾಯಿ ದುಡಿಯುವವರ ಗಳಿಕೆ ಶೇ 10ರಷ್ಟು ಕುಗ್ಗಿದೆ ಅಂತ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಒಪ್ಪಿದರೆ, ಅದೊಂದಕ್ಕೇ 2,70,000 ರೂಪಾಯಿ.

ಡಾಕ್ಟರ್ ಬರೆದ ಶೇಕಡಾವಾರು ಊನವೇ ಗಳಿಕೆಯ ನಷ್ಟ ಅಲ್ಲ. ಮರ ಹತ್ತಿ ಮೆಣಸು ಕೊಯ್ಯುವವರಿಗೆ ಕಾಲು ಹೋದರೆ ಕೆಲಸವೇ ಹೋದಂತೆ ಅಲ್ವಾ? ಅದನ್ನು ವಕೀಲರಿಗೆ ಬಿಡಿಸಿ ಹೇಳಿ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಕೇಸು ಬೇಗ ಮುಗಿಯುತ್ತದೆ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಎಫ್‌ಐಆರ್, ಬಿಲ್ಲುಗಳನ್ನು ಜೋಪಾನ ಮಾಡಿ. ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೇ ಹಾಕಿಬಿಡಿ.