ಚಾಟ್‌ಬಾಟ್ ಬಿಸಿನೆಸ್ಸಿಗೆ ಡೊಮೇನ್: ಹೆಸರು ಹಿಡಿಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಕಲ್ಯಾಣ ಮಂಟಪದ ಬುಕಿಂಗ್, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್, ಪಿಜಿಯಲ್ಲಿ ರೂಮ್ ಖಾಲಿ ಇದೆಯಾ ಎಂಬ ವಿಚಾರಣೆ. ಇಂಥವಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುವ ಚಾಟ್‌ಬಾಟ್ ಮಾಡಿಕೊಡಬೇಕೆಂದು ಬೆಂಗಳೂರಿನಲ್ಲಿ ಇಬ್ಬರು ಮೂವರು ಸ್ನೇಹಿತರು ಸೇರಿ ಕಂಪನಿ ತೆರೆಯುವುದು ಹೊಸದೇನಲ್ಲ. ಬಾಟ್ ಕಟ್ಟಲು ತಿಂಗಳುಗಟ್ಟಲೆ ಕೂರುವ ಇವರು ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರನ್ನು, ಮಾತ್ರ ಕಾಫಿ ಆರುವುದರೊಳಗೆ ತೆಗೆದುಬಿಡುತ್ತಾರೆ. ಆ ಹೊತ್ತಿಗೆ ಯಾರ ಲ್ಯಾಪ್‌ಟಾಪ್ ತೆರೆದಿತ್ತೋ ಅವರ ಜಿಮೇಲ್‌ನಲ್ಲಿ, ಅವರದೇ ಕಾರ್ಡಿನಲ್ಲಿ.

ಚರ್ಚೆಯೆಲ್ಲ ನಡೆಯುವುದು ಹೆಸರಿನ ಬಾಲದ ಬಗ್ಗೆ. '.ಎಐ' ಇದ್ದರೆ ಜೋರಾಗಿರುತ್ತದೆಯೇ, '.ಬಾಟ್' ಸಿಗುತ್ತದೆಯೇ, '.ಇನ್' ತೀರಾ ಸಪ್ಪೆಯೇ? ಬಾಲ ಯಾವುದಾದರೂ ವ್ಯಾಪಾರ ನಡೆಯುತ್ತದೆ. ಡೊಮೇನ್ ಖಾತೆ ಯಾರ ಕೈಯಲ್ಲಿದೆ ಎಂಬುದೇ ಹೆಚ್ಚಿನ ಪ್ರಶ್ನೆ. ನಾವು 'ಡೊಮೇನ್ ಕೊಂಡೆವು' ಎನ್ನುತ್ತೇವೆ, ನಿಜದಲ್ಲಿ ಅದು ಬಾಡಿಗೆ. '.ಕಾಂ'ನಂಥವನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಹಿಡಿಯಬಹುದು, ಶಾಶ್ವತವಾಗಿ ಅಲ್ಲ. ಈ ಊರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ: ಕರಾರು ಪತ್ರ ಯಾರ ಹೆಸರಿನಲ್ಲಿದೆಯೋ ಮಾತು ಅವರದೇ ನಡೆಯುವುದು.

ಮೊದಲು ಹೆಸರು

ಕನ್ನಡದ ಹೆಸರಿಡಬೇಕೆಂದರೆ ಎದುರಾಗುವ ಮೊದಲ ತೊಡಕು ಇಂಗ್ಲಿಷ್ ಸ್ಪೆಲಿಂಗ್. 'ಮಾತು' ಎಂಬ ಹೆಸರು ಹಿಡಿಸಿತೆನ್ನಿ. ನಮ್ಮ ಕಡೆ 'ತ'ಕಾರಕ್ಕೆ ಟಿ ಜೊತೆ ಎಚ್ ಸೇರಿಸುವವರೇ ಹೆಚ್ಚು, ಉತ್ತರ ಭಾರತದವರು ಬರೀ ಟಿ ಬರೆಯುತ್ತಾರೆ. ದೀರ್ಘಕ್ಕೆ ಒಬ್ಬರು ಒಂದು ಎ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಎರಡಕ್ಷರದ ಹೆಸರಿಗೆ ಆಗಲೇ ನಾಲ್ಕು ರೂಪಗಳಾದವು. ಪರೀಕ್ಷೆ ಸುಲಭ. ಫೋನ್ ಮಾಡಿ ಹೆಸರು ಹೇಳಿ, ಸ್ಪೆಲಿಂಗ್ ಹೇಳಬೇಡಿ, ಕೇಳಿದ್ದನ್ನು ಟೈಪ್ ಮಾಡಿ ಕಳಿಸಲು ಹೇಳಿ. ನಿಮ್ಮ ಆಫೀಸಿನವರನ್ನು ಬಿಟ್ಟು ಚಿಕ್ಕಪೇಟೆಯ ಅಂಗಡಿಯವರು, ಮಂಟಪದ ಮ್ಯಾನೇಜರು, ಅತ್ತೆ, ಭಾವ ಇಂಥವರನ್ನು ಕೇಳಿ. ಒಬ್ಬೊಬ್ಬರು ಒಂದೊಂದು ಬರೆದರೆ ಆ ಹೆಸರು ಬಿಡಿ. ಬಿಡಲು ಮನಸ್ಸಿಲ್ಲವೆಂದರೆ ಹೆಚ್ಚು ಜನ ಬರೆದ ಎರಡು ರೂಪಗಳನ್ನೂ ತೆಗೆದು, ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ಅಡ್ಡಗೆರೆ, ಅಂಕಿ ಬೇಡ. ಪ್ರತಿ ಸಲವೂ ಬಾಯಲ್ಲಿ ವಿವರಿಸುತ್ತಾ ಕೂರಬೇಕಾಗುತ್ತದೆ.

ಹೆಸರು ನಿಂತ ಮೇಲೆ, ದುಡ್ಡು ಕಟ್ಟುವ ಮುಂಚೆ ಟ್ರೇಡ್‌ಮಾರ್ಕ್ ನೋಡಿ. ಸರ್ಕಾರದ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಸಾರ್ವಜನಿಕ ಹುಡುಕಾಟಕ್ಕೆ ಶುಲ್ಕವಿಲ್ಲ. ಅಲ್ಲಿ ಅಕ್ಷರಕ್ಕೆ ಅಕ್ಷರ ಹುಡುಕುವುದರ ಜೊತೆಗೆ, ಉಚ್ಚಾರಣೆ ಹೋಲುವ ಹೆಸರುಗಳನ್ನು ಹುಡುಕುವ ಆಯ್ಕೆಯೂ ಇದೆ. ಕನ್ನಡ ಹೆಸರಿನವರು ಬಳಸಬೇಕಾದದ್ದು ಇದನ್ನೇ. ಚಾಟ್‌ಬಾಟ್‌ಗೆ ಸಂಬಂಧಿಸಿದ ವರ್ಗಗಳು ಮುಖ್ಯವಾಗಿ ಎರಡು. ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್‌ಗೆ 9, ಆನ್‌ಲೈನ್‌ನಲ್ಲಿ ಕೊಡುವ ಸಾಫ್ಟ್‌ವೇರ್ ಸೇವೆಗೆ 42. ನೀವೇ ಅರ್ಜಿ ಹಾಕುವುದಾದರೆ ವ್ಯಕ್ತಿ, ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ₹4,500, ಉಳಿದವರಿಗೆ ₹9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

'ಡೊಮೇನ್ ಸಿಕ್ಕಿತಲ್ಲ, ಹೆಸರು ನಮ್ಮದಾಯಿತು' ಎಂದುಕೊಳ್ಳುವವರಿಗೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ 'ಸಿಫಿ' ಹೆಸರಿನ ಡೊಮೇನ್‌ಗಳನ್ನು ನೋಂದಾಯಿಸಿತ್ತು. ಅದೇ ಹೆಸರಿಗೆ ಇನ್ನೊಂದು ಎಫ್ ಸೇರಿಸಿದ ಡೊಮೇನ್‌ಗಳಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ವ್ಯವಹಾರ ನಡೆಸುತ್ತಿತ್ತು. ಸತ್ಯಂ ದಾವೆ ಹೂಡಿದಾಗ ಇಲ್ಲಿನ ಸಿಟಿ ಸಿವಿಲ್ ಕೋರ್ಟ್ ಸಿಫಿನೆಟ್ ವಿರುದ್ಧ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಟಿ ಸಿವಿಲ್ ಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಉಂಟು ಎಂಬುದು ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಈ ತೀರ್ಪಿನಿಂದ. ಒಂದಕ್ಷರ ಹೆಚ್ಚು ಕಮ್ಮಿ ಮಾಡಿ ತಪ್ಪಿಸಿಕೊಳ್ಳಬಹುದು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಬಾಲ ಯಾವುದಿರಲಿ?

ಬಿ-ಒ-ಟಿ ಎಂದು ಮುಗಿಯುವ '.ಬಾಟ್' ಬಾಲದ ಒಡೆತನ ಅಮೆಜಾನ್‌ನ ರಿಜಿಸ್ಟ್ರಿಯದು, ಅಂದರೆ ಆ ಬಾಲದ ಆಡಳಿತ ನೋಡಿಕೊಳ್ಳುವ ಸಂಸ್ಥೆಯದು. ಶುರುವಿನ ವರ್ಷಗಳಲ್ಲಿ ಇದು ಎಲ್ಲರಿಗೂ ಸಿಗುತ್ತಿರಲಿಲ್ಲ. ಡೈಲಾಗ್‌ಫ್ಲೋ, ಅಮೆಜಾನ್ ಲೆಕ್ಸ್, ಮೈಕ್ರೋಸಾಫ್ಟ್ ಬಾಟ್ ಫ್ರೇಮ್‌ವರ್ಕ್ ಮುಂತಾದವುಗಳಲ್ಲಿ ಬಾಟ್ ಕಟ್ಟಿ ಪ್ರಕಟಿಸಿದ್ದೇವೆಂದು ತೋರಿಸಿದವರಿಗಷ್ಟೇ ಕೊಡುತ್ತಿದ್ದರು. ಹಳೆಯ ಮಾರ್ಗದರ್ಶಿಗಳಲ್ಲಿ ಈಗಲೂ ಈ ನಿಯಮವೇ ಕಾಣುತ್ತದೆ, ಓದಿ ಹೆದರಬೇಡಿ. ಈಗ ಆ ಪರೀಕ್ಷೆ ಇಲ್ಲ, ಬೇರೆ ಡೊಮೇನ್‌ನಂತೆಯೇ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಬಳಿ ಹುಡುಕಿ ದುಡ್ಡು ಕಟ್ಟಿದರಾಯಿತು. ಆದರೆ ಎಲ್ಲ ರಿಜಿಸ್ಟ್ರಾರ್‌ಗಳೂ ಇದನ್ನು ಮಾರುವುದಿಲ್ಲ, ಮತ್ತು ವರ್ಷದ ಬಾಡಿಗೆ '.ಇನ್'ಗಿಂತ ಹಲವು ಪಟ್ಟು ಹೆಚ್ಚು.

'.ಎಐ' ಕೃತಕ ಬುದ್ಧಿಮತ್ತೆಗೆಂದು ಹುಟ್ಟಿದ್ದಲ್ಲ. ಕೆರಿಬಿಯನ್ ಸಮುದ್ರದ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ಸಂಕೇತ ಅದು. ನಮಗೆ '.ಇನ್' ಇದ್ದಂತೆ ಅವರಿಗೆ '.ಎಐ'. ಚಾಟ್‌ಜಿಪಿಟಿ ಬಂದ ಮೇಲೆ ಬೇಡಿಕೆ ಎಷ್ಟು ಏರಿತೆಂದರೆ, 2023ರಲ್ಲಿ ಆ ದ್ವೀಪದ ಸರ್ಕಾರಕ್ಕೆ ಡೊಮೇನ್ ಒಂದರಿಂದಲೇ ಸುಮಾರು 3.2 ಕೋಟಿ ಡಾಲರ್ ಬಂತು. ಸರ್ಕಾರದ ಒಟ್ಟು ಆದಾಯದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು. ನಮ್ಮ ಪಾಲಿಗೆ ಬೇಕಾದ ವಿಷಯ ಬೇರೆ: '.ಎಐ'ಯನ್ನು ಕನಿಷ್ಠ ಎರಡು ವರ್ಷಕ್ಕೆ ತೆಗೆಯಬೇಕು, ರಿನ್ಯೂವಲ್ ಕೂಡ ಎರಡೆರಡು ವರ್ಷಕ್ಕೆ. ಶೇ 18 ಜಿಎಸ್‌ಟಿ ಸೇರಿದರೆ ಬಿಲ್ಲು ಹತ್ತು ಸಾವಿರ ರೂಪಾಯಿ ದಾಟುತ್ತದೆ.

'.ಇನ್' ನಿಕ್ಸಿ ಸಂಸ್ಥೆಯ ಆಡಳಿತದಲ್ಲಿದೆ, ಅಗ್ಗ. ಅದರಡಿಯಲ್ಲೇ '.ಎಐ.ಇನ್' ಎಂಬ ವಿಭಾಗವೂ ಉಂಟು, ಅಷ್ಟಾಗಿ ಯಾರೂ ಗಮನಿಸಿಲ್ಲ. ಇಲ್ಲಿ ನೆನಪಿಡಬೇಕಾದದ್ದು ಎರಡು. ರಿಜಿಸ್ಟ್ರಾರ್ ಕೆವೈಸಿ ಕೇಳುತ್ತಾರೆ. ಮತ್ತು '.ಕಾಂ'ನಲ್ಲಿ ಸಿಗುವಂಥ ಡೊಮೇನ್ ಪಡೆದವರ ಹೆಸರು, ವಿಳಾಸ ಮರೆಮಾಡುವ ಪ್ರೈವಸಿ ಸೇವೆಗೆ ಇಲ್ಲಿ ಅವಕಾಶವಿಲ್ಲ. ಆದ್ದರಿಂದ ಮನೆ ವಿಳಾಸದ ಬದಲು ಕಂಪನಿಯ ನೋಂದಾಯಿತ ವಿಳಾಸ ಕೊಡಿ.

ಕನ್ನಡ ಲಿಪಿಯಲ್ಲೇ '.ಭಾರತ' ಕೂಡ ಇದೆ. ಫ್ಲೆಕ್ಸ್‌ನಲ್ಲಿ, ಆಟೊ ಹಿಂಬದಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆದರೆ ಎಷ್ಟೋ ವೆಬ್ ಫಾರಂಗಳು ಇಂಥ ವಿಳಾಸದ ಇಮೇಲನ್ನು ಈಗಲೂ ಒಪ್ಪುವುದಿಲ್ಲ. ಎರಡನೆಯ ಹೆಸರಾಗಿ ಇಟ್ಟುಕೊಂಡು ಮುಖ್ಯ ಸೈಟಿಗೆ ತಿರುಗಿಸಿದರೆ ಚೆನ್ನ.

ನನ್ನನ್ನು ಕೇಳಿದರೆ, ಗಿರಾಕಿಗಳು ಮಂಟಪ, ಕ್ಲಿನಿಕ್, ಕೋಚಿಂಗ್ ಸೆಂಟರ್‌ನವರಾದರೆ ಮುಖ್ಯ ವಿಳಾಸ '.ಇನ್' ಅಥವಾ '.ಕಾಂ' ಇರಲಿ. ಹಲ್ಲಿನ ಡಾಕ್ಟರಿಗೆ ಅಂಗ್ವಿಲಾದಿಂದ ಆಗಬೇಕಾದದ್ದೇನೂ ಇಲ್ಲ. ಹೂಡಿಕೆದಾರರ ಮುಂದೆ ಹೋಗುವವರು ಅಥವಾ ಡೆವಲಪರ್‌ಗಳಿಗೇ ಮಾರುವವರು '.ಎಐ' ಇಲ್ಲವೇ '.ಬಾಟ್' ಯೋಚಿಸಲಿ, ಜೊತೆಗೆ '.ಇನ್' ಅನ್ನೂ ಹಿಡಿದಿಟ್ಟುಕೊಳ್ಳಲಿ. ಹೆಸರಿನೊಳಗೆ 'ಬ್ಯಾಂಕ್' ಪದ ಮಾತ್ರ ಬೇಡ. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ '.ಬ್ಯಾಂಕ್.ಇನ್'ಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದೇ ನಕಲಿಗಳ ಕಾಟಕ್ಕೆ. ಆ ಪದ ಇಟ್ಟುಕೊಂಡವರನ್ನು ಜನ ಅನುಮಾನದಿಂದಲೇ ನೋಡುತ್ತಾರೆ.

ನೋಂದಣಿಯ ದಿನ

ಮೊದಲ ಕೆಲಸ ಇಮೇಲ್. ಡೊಮೇನ್ ಖಾತೆಗೆಂದೇ ಕಂಪನಿಯ ಹಿಡಿತದಲ್ಲಿರುವ ಒಂದು ಇಮೇಲ್ ಮಾಡಿ, ಪಾಲುದಾರರಲ್ಲಿ ಕನಿಷ್ಠ ಇಬ್ಬರಿಗೆ ಪ್ರವೇಶವಿರಲಿ. ಇಲ್ಲೊಂದು ಸೂಕ್ಷ್ಮವಿದೆ: ನೋಂದಾಯಿಸುತ್ತಿರುವ ಡೊಮೇನ್‌ನದೇ ಇಮೇಲ್ ಇದಾಗಬಾರದು. ನಾಳೆ ಡೊಮೇನ್ ಅವಧಿ ಮುಗಿದು ನಿಂತರೆ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ರೀಸೆಟ್ ಮಾಡಲು ದಾರಿಯೇ ಇರುವುದಿಲ್ಲ. ಎರಡು ಹಂತದ ಲಾಗಿನ್ ಹಾಕಿ. ಓಟಿಪಿ ಬರುವ ನಂಬರ್ ಕೆಲಸ ಬಿಟ್ಟು ಹೋಗಬಹುದಾದ ಹುಡುಗನದ್ದಾಗಿರದಿರಲಿ.

ಫಾರಂನಲ್ಲಿ ರಿಜಿಸ್ಟ್ರೆಂಟ್ ಎಂಬ ಕಡೆ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ಸಂಸ್ಥೆಯ ಜಾಗದಲ್ಲಿ ಕಂಪನಿಯ ಕಾನೂನುಬದ್ಧ ಹೆಸರನ್ನು ಪ್ಯಾನ್ ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ. ಕಂಪನಿ ಇನ್ನೂ ನೋಂದಣಿಯಾಗದಿದ್ದರೆ ಒಬ್ಬ ಪಾಲುದಾರರ ಹೆಸರಿನಲ್ಲಿ ತೆಗೆದು, 'ಕಂಪನಿ ಆದ ಕೂಡಲೇ ವರ್ಗಾಯಿಸುತ್ತೇನೆ' ಎಂದು ಪಾಲುದಾರಿಕೆ ಕರಾರಿನಲ್ಲೇ ಒಂದು ಸಾಲು ಸೇರಿಸಿ. 'ವೆಬ್‌ಸೈಟ್ ಜೊತೆ ಡೊಮೇನ್ ಫ್ರೀ' ಎನ್ನುವ ಏಜೆನ್ಸಿಗಳ ಬಳಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಖಾತೆ ಯಾರ ಹೆಸರಿನಲ್ಲಿ ಸ್ವಾಮಿ?

ಬೆಲೆ ನೋಡುವಾಗ ಮೊದಲ ವರ್ಷದ ರಿಯಾಯಿತಿ ಬಿಟ್ಟು ರಿನ್ಯೂವಲ್ ದರ ನೋಡಿ. 'ಪ್ರೀಮಿಯಂ' ಎಂಬ ಗುರುತಿದ್ದರೆ ಪ್ರತಿ ವರ್ಷವೂ ದುಬಾರಿಯಾಗಿರಬಹುದು. ಕಾರ್ಟ್‌ನಲ್ಲಿ ತಾನಾಗಿ ಬಂದು ಕೂರುವ ಹೋಸ್ಟಿಂಗ್, ಎಸ್‌ಎಸ್‌ಎಲ್ ಇತ್ಯಾದಿಗಳ ಟಿಕ್ ತೆಗೆಯಿರಿ. ಸೈಟಿನ ಸಂಪರ್ಕ ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ 29ರಿಂದ ಶುರುವಾಗುವ ನಿಮ್ಮ ಸಂಖ್ಯೆಯನ್ನು ದುಡ್ಡು ಕಟ್ಟುವ ಮುಂಚೆಯೇ ಹಾಕಿ.

ದುಡ್ಡು ಕಟ್ಟಿದ ಮೇಲೆ ಇಮೇಲ್ ದೃಢೀಕರಣದ ಕೊಂಡಿ ಬರುತ್ತದೆ. '.ಕಾಂ', '.ಬಾಟ್'ನಂಥವಕ್ಕೆ 15 ದಿನದೊಳಗೆ ಅದನ್ನು ಒತ್ತದಿದ್ದರೆ ಡೊಮೇನ್ ಅಮಾನತಾಗಬಹುದು. ಹೊಸ ಡೊಮೇನನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಟ್ರಾನ್ಸ್‌ಫರ್ ಲಾಕ್ ಆನ್ ಇದೆಯೇ ಎಂದು ಒಮ್ಮೆ ನೋಡಿಬಿಡಿ.

ಬಾಟ್‌ಗೆ ಜೋಡಿಸುವುದು

ಇದು ತಾಂತ್ರಿಕ ಕೆಲಸ, ನಿಮ್ಮ ಡೆವಲಪರ್‌ಗೆ ಅರ್ಧ ದಿನದ್ದು. ವೆಬ್‌ಸೈಟ್ ಒಂದು ಕಡೆ, ಬಾಟ್ ಇನ್ನೊಂದು ಸಬ್‌ಡೊಮೇನ್‌ನಲ್ಲಿ (ಅದೇ ಡೊಮೇನಿಗೆ ಮೊದಲು ಒಂದು ಪದ ಸೇರಿಸಿ ಮಾಡಿದ ವಿಳಾಸ) ಇರಲಿ. ವಾಟ್ಸಾಪ್ ಬಾಟ್ ಆದರೆ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾ ಕಳಿಸುವ ಸಂದೇಶ ಬಂದು ಬೀಳುವ ವೆಬ್‌ಹುಕ್ ವಿಳಾಸಕ್ಕೆ ಸರಿಯಾದ ಸರ್ಟಿಫಿಕೇಟ್ ಇರಲೇಬೇಕು, ನಾವೇ ಸಹಿ ಹಾಕಿಕೊಂಡದ್ದು ನಡೆಯುವುದಿಲ್ಲ. ಮೆಟಾದ ಬಳಿ ಡೊಮೇನ್ ನಿಮ್ಮದೆಂದು ಸಾಬೀತುಪಡಿಸಲು ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಟಿಎಕ್ಸ್‌ಟಿ ಎಂಬ ಒಂದು ದಾಖಲೆ ಸೇರಿಸಿದರೆ ಸಾಕು. ವಾಟ್ಸಾಪ್‌ನಲ್ಲಿ ಕಾಣುವ ಹೆಸರಿಗೂ ವೆಬ್‌ಸೈಟಿನಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಬುಕಿಂಗ್ ಇಮೇಲ್‌ಗಳು ಸ್ಪ್ಯಾಮ್‌ಗೆ ಹೋಗದಿರಲು ಇಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಮೊದಲ ದಿನವೇ ಹಾಕಿಸಿ.

ರಿನ್ಯೂವಲ್

'ಆಟೊ ರಿನ್ಯೂವಲ್ ಆನ್ ಇದೆ' ಎಂದು ನೆಮ್ಮದಿಯಾಗಿರಬೇಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಬಿಗಿ ನಿಯಮ ತಂದಿದೆ. ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ಕಡಿತ ನಮ್ಮ ಕಾರ್ಡುಗಳಲ್ಲಿ ವಿಫಲವಾಗುತ್ತದೆ. ಹೊಂದಿಕೊಂಡವರಿಗೂ ಸಾಮಾನ್ಯವಾಗಿ ₹15,000 ದಾಟಿದರೆ ಪ್ರತಿ ಸಲ ಓಟಿಪಿ ಬೇಕು. ಎರಡು ವರ್ಷದ '.ಎಐ' ಬಿಲ್ಲು ಆ ಗೆರೆಯ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಯುಪಿಐ ತೆಗೆದುಕೊಳ್ಳುವ ರಿಜಿಸ್ಟ್ರಾರ್ ಅನುಕೂಲ, ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟುವುದು ಇನ್ನೂ ಅನುಕೂಲ. ಆಯುಧಪೂಜೆಗೆ ಲ್ಯಾಪ್‌ಟಾಪ್‌ಗೆ ಕುಂಕುಮ ಇಡುವ ದಿನವೇ ಡೊಮೇನ್ ಖಾತೆಗೂ ಲಾಗಿನ್ ಆಗಿ. ಕೊನೆಯ ದಿನಾಂಕ, ಕಾರ್ಡ್, ಫೋನ್ ನಂಬರ್ ಎಲ್ಲ ಸರಿಯಿದೆಯೇ ನೋಡಿದರೆ ವರ್ಷಕ್ಕೊಮ್ಮೆಯ ಪರಿಶೀಲನೆ ಮುಗಿಯಿತು. 'ನಿಮ್ಮ ಡೊಮೇನ್ ಮುಗಿಯುತ್ತಿದೆ, ಈ ಕೊಂಡಿ ಒತ್ತಿ' ಎಂಬ ಇಮೇಲ್‌ಗಳಲ್ಲಿ ನಕಲಿಗಳೂ ಇರುತ್ತವೆ. ಕೊಂಡಿ ಒತ್ತದೆ ನೇರವಾಗಿ ಖಾತೆಗೇ ಹೋಗಿ ನೋಡಿ.

ಅವಧಿ ಮೀರಿದರೂ '.ಕಾಂ'ನಂಥವು ಕೂಡಲೇ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್ ಅನುಸಾರ 45 ದಿನದವರೆಗೆ ಮಾಮೂಲಿ ದರದಲ್ಲಿ ರಿನ್ಯೂ ಮಾಡುವ ಅವಕಾಶ ಇರಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ನಂತರದ 5 ದಿನ ಯಾರೂ ಏನೂ ಮಾಡುವಂತಿಲ್ಲ, ಅದು ಕಳೆದರೆ ಮೊದಲು ಬಂದವರಿಗೆ. ಆದರೆ ಈ ಅವಧಿಯಲ್ಲಿ ಸೈಟ್, ಇಮೇಲ್ ನಿಂತಿರುತ್ತವೆ, ಬಾಟ್ ಕೂಡ. ದೇಶದ ಸಂಕೇತಗಳಾದ '.ಎಐ', '.ಇನ್'ಗಳ ಲೆಕ್ಕ ಬೇರೆ, ರಿಜಿಸ್ಟ್ರಾರ್ ಪುಟದಲ್ಲಿ ಓದಿಕೊಳ್ಳಿ.

ಚಾಟ್‌ಬಾಟ್ ವ್ಯಾಪಾರಕ್ಕೆ ಇದು ಬೇರೆಯವರಿಗಿಂತ ಹೆಚ್ಚು ಅಪಾಯದ್ದು. ನಿಮ್ಮ ಬಾಟ್‌ನ ಒಂದು ಸಾಲು ಕೋಡ್ ಗಿರಾಕಿಗಳ ವೆಬ್‌ಸೈಟಿನೊಳಗೆ ಕೂತಿರುತ್ತದೆ, ಅದು ಪ್ರತಿ ಸಲ ನಿಮ್ಮ ಡೊಮೇನ್‌ನಿಂದಲೇ ಸ್ಕ್ರಿಪ್ಟ್ ತರಿಸಿಕೊಳ್ಳುತ್ತದೆ. ಡೊಮೇನ್ ಬೇರೆಯವರ ಪಾಲಾದರೆ ಅವರು ಕಳಿಸಿದ ಸ್ಕ್ರಿಪ್ಟೇ ಕ್ಲಿನಿಕ್ಕಿನ ಪುಟದಲ್ಲಿ ಓಡುತ್ತದೆ. ಇದು ಬರೀ ಊಹೆಯಲ್ಲ. ಪಾಲಿಫಿಲ್ ಎಂಬ ಜನಪ್ರಿಯ ಸ್ಕ್ರಿಪ್ಟ್ ಸೇವೆಯ ಡೊಮೇನ್ 2024ರ ಆರಂಭದಲ್ಲಿ ಹೊಸಬರ ಕೈಗೆ ಹೋಯಿತು. ಜೂನ್ ಹೊತ್ತಿಗೆ ಅದನ್ನು ಬಳಸುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ವೆಬ್‌ಸೈಟ್‌ಗಳಿಗೆ ದುರುದ್ದೇಶದ ಕೋಡ್ ಹರಿಯುತ್ತಿರುವುದು ಪತ್ತೆಯಾಯಿತು. ಹಾಗಾಗಿ ಕಂಪನಿಯ ಹೆಸರು ಬದಲಿಸಿದರೂ, ಅಂಗಡಿಯನ್ನೇ ಮುಚ್ಚಿದರೂ, ಗಿರಾಕಿಗಳ ಸೈಟಿನಿಂದ ಆ ಸಾಲು ತೆಗೆಸುವ ತನಕ ಹಳೆಯ ಡೊಮೇನ್ ಬಿಡಬೇಡಿ. ತೆಗೆಸಿದ ಮೇಲೂ ಎರಡು ಮೂರು ವರ್ಷ ರಿನ್ಯೂ ಮಾಡುತ್ತಿರಿ. '.ಇನ್' ಆಗಿದ್ದರೆ ಅದಕ್ಕೆ ತಗಲುವ ಖರ್ಚು ದೊಡ್ಡದೇನಲ್ಲ.