ಸಿಟ್ಟು ಕೈಗೆ ಇಳಿಯುವ ಮೊದಲು: ಅಪಾಯದ ಅಂದಾಜು ಹೇಗೆ?

"ಅವನ ಸ್ವಭಾವನ ಹಂಗ, ಬಾಯಿ ಜೋರು ಅಷ್ಟ" ಎಂಬ ಮಾತು ನಮ್ಮ ಧಾರವಾಡ ಸೀಮೆಯಲ್ಲಿ ಎಷ್ಟೋ ಮನೆಗಳ ಹೊಡೆತ ಬಡಿತ ಮುಚ್ಚಿಹಾಕಿದೆ. ಬಾಯಿ ಜೋರಿದ್ದವರೆಲ್ಲ ಕೈ ಎತ್ತುವುದಿಲ್ಲ, ನಿಜ. ಆದ್ದರಿಂದಲೇ ದನಿ ಬಿಟ್ಟು ನಡತೆ ನೋಡಬೇಕು.

ಮೊದಲು ಹಿಂದಿನದನ್ನು ಬರೆದಿಡಿ. ಯಾರಿಗೆ ಹೊಡೆದಿದ್ದ, ಯಾವುದರಿಂದ, ಆಗ ಕುಡಿದಿದ್ದನೇ? ಒಬ್ಬ ಮುಂದೆ ಹಿಂಸೆಗೆ ಇಳಿಯಬಹುದೇ ಎಂದು ಅಂದಾಜಿಸಲು ಮನೋವೈದ್ಯರು ಬಳಸುವ ಎಚ್‌ಸಿಆರ್-20 ಎಂಬ ಪಟ್ಟಿಯ 20 ಅಂಶಗಳಲ್ಲಿ 10 ಹಿಂದಿನ ಬದುಕಿಗೇ ಸಂಬಂಧಿಸಿದವು. ಅದು ತರಬೇತಾದವರ ಸಾಧನ, ಮನೆಯಲ್ಲಿ ಕೂತು ಅಂಕ ಹಾಕುವಂಥದ್ದಲ್ಲ. ಆದರೆ ಹಳೆಯದನ್ನು ಮೊದಲು ಕೇಳುವ ಕ್ರಮ ನಮಗೂ ಸಲ್ಲುತ್ತದೆ.

ಆಮೇಲೆ ಬೆದರಿಕೆಯನ್ನು ತೂಗಿ. "ಒಂದಿನ ನೋಡ್ಕೋತೀನಿ" ಅನ್ನುವುದು ಬೇರೆ. "ಐತವಾರ ಬದುವಿಗೆ ಬರ್ಲಿ ಅಂವ, ಕುಡಗೋಲು ಮಸೆದಿಟ್ಟೀನಿ" ಅನ್ನುವುದು ಬೇರೆ. ಎರಡನೆಯದರಲ್ಲಿ ದಿನ, ಜಾಗ, ಆಯುಧ, ಆಳು ಎಲ್ಲವೂ ಗೊತ್ತಾಗಿವೆ. ಅಂಥದ್ದಕ್ಕೆ ಬುದ್ಧಿಮಾತು ಸಾಲದು, ಪೊಲೀಸರಿಗೆ ತಿಳಿಸಬೇಕು.

ಗಂಡ-ಹೆಂಡಿರ ಜಗಳವಾದರೆ ಒಂದು ಪ್ರಶ್ನೆ ತಪ್ಪದೇ ಕೇಳಿ: ಕುತ್ತಿಗೆ ಹಿಸುಕಿದ್ದನೇ? ಮೈಮೇಲೆ ಗಾಯ ಕಾಣದಿದ್ದರೂ, ಮುಂದೆ ಕೊಲೆಯವರೆಗೆ ಹೋಗಬಹುದು ಎಂಬುದಕ್ಕೆ ಇದು ದೊಡ್ಡ ಸೂಚನೆ. ಹೆಂಡತಿ ತವರಿಗೆ ಹೊರಟ ಅಥವಾ ಸೋಡಚೀಟಿ (ವಿಚ್ಛೇದನ) ಕೇಳಿದ ದಿನಗಳಲ್ಲೂ ಅಪಾಯ ಏರುತ್ತದೆ. ಹಿರಿಯರನ್ನು ಕೂಡಿಸಿ, ತಿಳಿ ಹೇಳಿ ಆಕೆಯನ್ನು ತಿರುಗಿ ಕಳಿಸುವವರು ಇದನ್ನು ಕೇಳಿರುವುದೇ ಇಲ್ಲ. ಕೇಳದೇ ಕಳಿಸುವುದು ರಾಜಿಯಲ್ಲ, ಹೊಣೆಗೇಡಿತನ.

"ತಲಿ ಕೆಟ್ಟೈತಿ, ಹೊಡದಾನು" ಎಂಬ ಹೆದರಿಕೆ ಬಹುತೇಕ ಸುಳ್ಳು. ಮಾನಸಿಕ ಕಾಯಿಲೆ ಇದ್ದವರಲ್ಲಿ ಹೆಚ್ಚಿನವರು ಯಾರ ತಂಟೆಗೂ ಹೋಗುವುದಿಲ್ಲ. ಆದರೆ "ಆ ಮನಿಯವ್ರು ನನಗ ವಿಷ ಹಾಕಾಕತ್ತಾರ" ಎಂದು ಯಾರನ್ನೋ ಬೊಟ್ಟು ಮಾಡತೊಡಗಿ, ಮಾತ್ರೆ ಬಿಟ್ಟು, ಕುಡಿತವೂ ಸೇರಿಕೊಂಡಿದ್ದರೆ ತಡಮಾಡದೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಹೋಗುವ ಮೊದಲು ಸಲಹೆ ಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ.

ಇವತ್ತಿನ ಅಂದಾಜು ಇವತ್ತಿಗಷ್ಟೇ. ಕೆಲಸ ಹೋದಾಗ, ಕೋರ್ಟಿನ ತಾರೀಖು ಬಂದಾಗ ಮತ್ತೆ ನೋಡಬೇಕು.

ಮಹಿಳೆಯರಿಗೆ 181 ಸಹಾಯವಾಣಿ ಇದೆ. ಕೈ ಮೀರುವಂತಿದ್ದರೆ ತುರ್ತು ಸಂಖ್ಯೆ 112. ಕರೆ ಮಾಡಿದಾಗ ಜಗಳದ ಕಾರಣ ಹೇಳುತ್ತ ಕೂಡಬೇಡಿ. ವಿಳಾಸ, ಅವನ ಕೈಯಲ್ಲಿ ಏನಿದೆ, ಕುಡಿದಿದ್ದಾನೆಯೇ, ಒಳಗೆ ಮಕ್ಕಳಿದ್ದಾರೆಯೇ, ಇಷ್ಟು ಮೊದಲು ಹೇಳಿ.