ಗಿನಿಪಿಗ್‌ಗೆ ಜೊತೆ ತರುತ್ತೀರಾ? ಒಂದೇ ಗೂಡಿಗೆ ಬಿಡುವ ಮೊದಲು ಇಷ್ಟು ಮಾಡಿ

ಗಿನಿಪಿಗ್ ಗುಂಪಿನಲ್ಲಿ ಬದುಕುವ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಒಂದನ್ನೇ ಒಂಟಿಯಾಗಿ ಸಾಕಲು ಕಾನೂನು ಬಿಡುವುದಿಲ್ಲ. ಹಾಗಾಗಿ ಜೊತೆ ತರಬೇಕು ಅನ್ನಿಸಿದರೆ ಖಂಡಿತ ತನ್ನಿ. ಆದರೆ ಕಾಸರಗೋಡಿನಿಂದಲೋ ಮಂಗಳೂರಿನಿಂದಲೋ ತಂದ ದಿನವೇ ಹಳೆಯದರ ಗೂಡಿಗೆ ಬಿಟ್ಟು, ಎರಡೂ ಕಚ್ಚಾಡಿದ ಮೇಲೆ ಇವಕ್ಕೆ ಆಗಿಬರುವುದಿಲ್ಲ ಅಂತ ತೀರ್ಮಾನ ಮಾಡುವುದು ಬೇಡ.

ಮೊದಲು ಗಂಡೋ ಹೆಣ್ಣೋ ಗಟ್ಟಿ ಮಾಡಿಕೊಳ್ಳಿ. ಅಂಗಡಿಯವರ ಮಾತು ಸಾಲದು, ಪಶುವೈದ್ಯರಿಗೆ ತೋರಿಸಿ. ಗಂಡುಮರಿ ಮೂರು ವಾರಕ್ಕೇ ಬೆದೆಗೆ ಬರಬಹುದು. ಆರೆಂಟು ತಿಂಗಳು ದಾಟಿದ ಹೆಣ್ಣು ಮೊದಲ ಸಲ ಗಬ್ಬವಾದರೆ ಸೊಂಟದ ಮೂಳೆ ಸಡಿಲವಾಗದೆ ಹೆರಿಗೆಯಲ್ಲೇ ಸಾಯಬಹುದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಹೆಣ್ಣು ಸುಲಭವಾಗಿ ಹೊಂದುತ್ತವೆ. ಬೀಜ ತೆಗೆಸಿದ ಗಂಡಿನ ಜೊತೆ ಹೆಣ್ಣು ಇನ್ನೂ ಒಳ್ಳೆಯದು, ಆದರೆ ಆಪರೇಷನ್ ಆಗಿ ಆರು ವಾರ ಕಾಯಲೇಬೇಕು. ದೊಡ್ಡ ಗಂಡಿಗೆ ಗಂಡುಮರಿಯೂ ಆದೀತು, ಹತ್ತಿರದಲ್ಲಿ ಹೆಣ್ಣು ಮಾತ್ರ ಇರಬಾರದು.

ಆಮೇಲೆ ಎರಡರಿಂದ ಮೂರು ವಾರ ಹೊಸದು ಬೇರೆ ಕೋಣೆಯಲ್ಲೇ ಇರಲಿ. ಸೀನು, ಮೂಗು ಕಣ್ಣಲ್ಲಿ ನೀರು, ಕೂದಲು ಉದುರಿ ಹೊಟ್ಟು ಎದ್ದ ಚರ್ಮ ಇದೆಯಾ ನೋಡಿ. ಮಳೆಗಾಲದ ತೇವಕ್ಕೆ ಹುಳುಕಡ್ಡಿ ಬೇಗ ಹಬ್ಬುತ್ತದೆ, ಮಕ್ಕಳಿಗೂ ಅಂಟುತ್ತದೆ. ಹಳೆಯದರ ಕೆಲಸ ಮುಗಿಸಿ ಹೊಸದನ್ನು ಮುಟ್ಟಿ, ಕೈ ತೊಳೆಯಿರಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಚೂರು ಮಾಡಿ ಕೊಡಲೇಬೇಡಿ, ಅದು ಇವುಗಳ ಜೀವಕ್ಕೇ ಅಪಾಯ.

ಈಗ ಭೇಟಿ. ಹಳೆಯದು ಯಾವತ್ತೂ ಓಡಾಡದ ಜಾಗ ಬೇಕು. ಚಾವಡಿಯ ಒಂದು ಮೂಲೆಗೆ ಹಳೆ ಬೆಡ್‌ಶೀಟ್ ಹಾಸಿ, ಸುತ್ತ ಅಡ್ಡ ಕಟ್ಟಿ. ಅಲ್ಲಲ್ಲಿ ಹುಲ್ಲಿನ ರಾಶಿ ಇಡಿ. ಅಡಗಲು ಒಣಗಿದ ಅಡಕೆ ಹಾಳೆಯನ್ನು ಬಗ್ಗಿಸಿಟ್ಟರೆ ಸಾಕು, ಎರಡೂ ಕಡೆ ತೆರೆದಿರುವುದರಿಂದ ಯಾವುದೂ ಒಳಗೆ ಸಿಕ್ಕಿಬೀಳುವುದಿಲ್ಲ. ನಾಯಿ ಬೆಕ್ಕು ಹೊರಗಿರಲಿ. ನಮ್ಮ ಸೆಕೆ ಇವಕ್ಕೆ ತಡೆಯುವುದಿಲ್ಲ, ಬೆಳಿಗ್ಗೆ ತಂಪಿನಲ್ಲೇ ಶುರು ಮಾಡಿ. ಎರಡನ್ನೂ ಒಟ್ಟಿಗೆ ಬಿಡಿ.

ಜನ ಗಾಬರಿಯಾಗುವುದು ಇಲ್ಲಿಯೇ. ಒಂದು ಗುರುಗುಡುತ್ತಾ ಸೊಂಟ ಆಡಿಸಿ ಸುತ್ತು ಹಾಕುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಮೈಮೇಲೆ ಹತ್ತುತ್ತದೆ (ಹೆಣ್ಣುಗಳೂ ಹತ್ತುತ್ತವೆ), ಮೂಗು ಎತ್ತರಕ್ಕೆ ಹಿಡಿಯುತ್ತದೆ, ಸ್ವಲ್ಪ ಹಲ್ಲು ಕಟಕಟಿಸುತ್ತದೆ. ಇದೆಲ್ಲ ಯಾರು ಮೇಲು ಅಂತ ಅವು ತೀರ್ಮಾನ ಮಾಡಿಕೊಳ್ಳುವ ರೀತಿ, ಸುಮ್ನೆ ನೋಡುತ್ತಿರಿ. ಪ್ರತಿ ಸಲ ಬಿಡಿಸಿದರೆ ಆ ತೀರ್ಮಾನ ಆಗುವುದೇ ಇಲ್ಲ, ಮರುದಿನ ಮತ್ತೆ ಮೊದಲಿಂದ ಶುರು. ಆದರೆ ಕೂದಲು ನಿಮಿರಿಸಿ, ಬಾಯಿ ಅಗಲಿಸಿ ಹಲ್ಲು ತೋರಿಸುತ್ತಾ ಎದುರುಬದುರು ನಿಂತರೆ ಹುಷಾರು. ರಕ್ತ ಬಂದರೆ ಅಥವಾ ಎರಡೂ ಉಂಡೆಯಾಗಿ ಹೊರಳಿದರೆ ದಪ್ಪ ಬೈರಾಸು ಹಾಕಿ ತಕ್ಷಣ ಬಿಡಿಸಿ. ಬರಿಗೈ ಹಾಕಬೇಡಿ, ಕಡಿತ ಆಳಕ್ಕೆ ಇಳಿಯುತ್ತದೆ. ಅಂಥ ಜಗಳ ಆದರೆ ಕೆಲವು ದಿನ ಜಾಲರಿಯ ಆಚೀಚೆ ಇಟ್ಟು ಆಮೇಲೆ ಪ್ರಯತ್ನಿಸಿ. ಆಗಲೂ ಹಾಗೇ ಆದರೆ ಒತ್ತಾಯ ಬೇಡ, ಜಾಲರಿಯ ಆಚೀಚೆ ನೆರೆಕರೆಯಾಗಿ ಇರಲಿ.

ಕೆಲವು ಗಂಟೆ ಕಳೆದು ಒಂದೇ ರಾಶಿಯಿಂದ ತಿನ್ನುತ್ತಿವೆ, ಹತ್ತಿರ ಮಲಗಿವೆ ಅಂದರೆ ಗೂಡಿಗೆ ಸೇರಿಸಬಹುದು. ಅದಕ್ಕೆ ಮೊದಲು ಗೂಡನ್ನು ವಿನೆಗರ್ ನೀರಲ್ಲಿ ತೊಳೆದು, ಒಳಗಿನ ಸಾಮಾನಿನ ಜಾಗ ಬದಲಿಸಿ, ಹಳೆಯದಕ್ಕೆ ಇದು ನನ್ನ ಮನೆ ಅನ್ನಿಸಬಾರದು. ನಾಲ್ಕಡಿ ಉದ್ದ, ಎರಡಡಿ ಅಗಲಕ್ಕಿಂತ ಕಡಿಮೆ ಬೇಡ. ನೀರಿನ ಬಾಟಲಿ, ಬಟ್ಟಲು, ಅಡಗುವ ಜಾಗ ಎಲ್ಲವೂ ಎರಡೆರಡು.

ಹುಲ್ಲಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ಕೊಳೆರೋಗಕ್ಕೆ ಅಡಕೆಗೆ ಮೈಲುತುತ್ತು ಬಿಟ್ಟ ತೋಟದ ಹುಲ್ಲು ಕೊಡಬೇಡಿ, ಅದರ ತಾಮ್ರ ಕೆಳಗಿನ ಹುಲ್ಲಿಗೂ ಬಿದ್ದಿರುತ್ತದೆ. ಮದ್ದು ತಾಗದ ಗುಡ್ಡೆಯ ಹುಲ್ಲು ತನ್ನಿ. ಬೈಹುಲ್ಲು ಹಾಸಲು ಸಾಕು, ಹೊಟ್ಟೆಗೆ ಅದೊಂದೇ ಸಾಲದು. ದೊಣ್ಣೆಮೆಣಸಿನ ತುಂಡನ್ನು ಎರಡಕ್ಕೂ ದೂರ ದೂರ ಇಡಿ, ವಿಟಮಿನ್ ಸಿ ಇವುಗಳ ಮೈಯಲ್ಲಿ ತಾನಾಗಿ ತಯಾರಾಗುವುದಿಲ್ಲ.

ಮೊದಲ ತಿಂಗಳು ವಾರಕ್ಕೊಮ್ಮೆ ಎರಡನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಜಗಳ ಕಾಣದಿದ್ದರೂ ಒಂದು ಇನ್ನೊಂದನ್ನು ತಿನ್ನಲು ಬಿಡದೇ ಇರಬಹುದು, ಅದು ತೂಕದಲ್ಲೇ ಗೊತ್ತಾಗುತ್ತದೆ. ವಾರದಲ್ಲಿ 50 ಗ್ರಾಂನಷ್ಟು ಇಳಿದಿದ್ದರೆ ಡಾಕ್ಟರಿಗೆ ತೋರಿಸಿ. ಪೂರ್ತಿ ಊಟ ಬಿಟ್ಟಿದ್ದರೆ ಮರುದಿನಕ್ಕೆ ಕಾಯಬೇಡಿ.